ಏಳನೇ ಚಂದ್ರನ ತನಕ ಬಾರದವರು

ಅಭಿಪ್ರಾಯ ಅನ್ನುವುದು ಕೇಳಿದರೆ ಮಾತ್ರ ಬರುತ್ತದೆ ಅಂತ ನಾನು ನಂಬಿದ್ದ ಕಾಲವೊಂದಿತ್ತು. ಈಗ ಗೊತ್ತಾಗಿದೆ, ಅದು ಕೇಳದಿದ್ದರೂ ಬರುತ್ತದೆ, ಬೇಡ ಅಂದರೆ ಇನ್ನೂ ಬೇಗ ಬರುತ್ತದೆ. ಬಸ್ಸಿನಲ್ಲಿ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ, ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಪ್ಯಾಕೆಟ್ ಹಿಡಿದು ನಿಂತಿರುವಾಗಲೂ ಬರುತ್ತದೆ. ನನಗೆ ಈ ಜ್ಞಾನೋದಯ ಆಗಿದ್ದು ಒಂದು ಗೇಮ್ ಮಾಡಿದ ಮೇಲೆ.

ನಾನು ತುಮಕೂರಿನವಳು. ಉಪ್ಪಾರಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿ ಕೂತು ಎಷ್ಟೋ ವರ್ಷ ಮದುವೆ ಆಲ್ಬಂ ಡಿಸೈನ್ ಮಾಡಿದವಳು. ಗುಬ್ಬಿಯ ವಧೂವರರನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಿದ್ದೇನೆ, ಕುಣಿಗಲ್ಲಿನ ಮಾವಂದಿರ ಹೊಟ್ಟೆ ಕರಗಿಸಿದ್ದೇನೆ, ಮುನಿಸಿಕೊಂಡು ಮದುವೆಗೇ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ನಗುತ್ತಾ ನಿಲ್ಲಿಸಿದ್ದೇನೆ. ನನ್ನ ಜೊತೆ ಓದಿದ ಸ್ನೇಹಿತನೊಬ್ಬ ಪ್ರೋಗ್ರಾಂ ಬರೆಯುತ್ತಾನೆ. ಮಾತು ಕಡಿಮೆ, ಯಾರು ಬೈದರೂ ತಲೆ ತಗ್ಗಿಸಿ ಯೋಚನೆ ಮಾಡುವ ಜಾತಿ. ನಾವಿಬ್ಬರೂ ಮೂರು ವರ್ಷ ಕೂತು 'ಏಳನೇ ಚಂದ್ರ' ಅನ್ನುವ ಗೇಮ್ ಮಾಡಿದೆವು. ದೂರದ ಯಾವುದೋ ಗ್ರಹಕ್ಕೆ ಏಳು ಚಂದ್ರರು, ಒಂದೊಂದರ ಮೇಲೂ ಯಂತ್ರಗಳ ಸೈನ್ಯ. ಒಬ್ಬಳೇ ಹುಡುಗಿ, ಕೈಯಲ್ಲಿ ಗನ್ನು. ಓಡುತ್ತಲೇ ಹೊಡೆಯಬೇಕು, ಹೊಡೆಯುತ್ತಲೇ ಓಡಬೇಕು, ನಿಂತರೆ ಸತ್ತಳು. ಮೊಬೈಲಿನಲ್ಲೂ ಆಡಬಹುದು, ಕಂಪ್ಯೂಟರಿನಲ್ಲೂ ಆಡಬಹುದು.

ಏಳನೇ ಚಂದ್ರನನ್ನು ಗೆದ್ದವರಿಗೆ ಕೊನೆಯಲ್ಲಿ ಒಂದು ದೃಶ್ಯ ಕಾಣಿಸುತ್ತದೆ. ಅದು ಪೂರ್ತಿ ನನ್ನದು. ಮೂರು ವರ್ಷದಲ್ಲಿ ಒಂದು ವರ್ಷ ಅದಕ್ಕೇ ಹೋಯಿತು. ನಿಜ ಹೇಳಬೇಕೆಂದರೆ ಆ ದೃಶ್ಯಕ್ಕೋಸ್ಕರವೇ ನಾನು ಗೇಮ್ ಮಾಡಿದ್ದು, ಗುಂಡು ಗದ್ದಲವೆಲ್ಲ ಅಲ್ಲಿಗೆ ಜನರನ್ನು ಕರೆದುಕೊಂಡು ಹೋಗುವ ದಾರಿ. ಎಷ್ಟು ಜನ ಅಲ್ಲಿಗೆ ತಲುಪಿದರು ಅನ್ನುವುದನ್ನು ನಮ್ಮ ಕಂಪ್ಯೂಟರ್ ಒಂದು ಅಂಕಿಯಲ್ಲಿ ತೋರಿಸುತ್ತದೆ. ಗೇಮ್ ಬಿಟ್ಟು ತಿಂಗಳುಗಳಾದರೂ ಅದು ಸೊನ್ನೆ. ಅಭಿಪ್ರಾಯಗಳು ಮಾತ್ರ ರಾಶಿ ರಾಶಿ, ಎಲ್ಲವೂ ಮೊದಲನೇ ಚಂದ್ರನ ಬಾಗಿಲಲ್ಲೇ ಸತ್ತವರದು.

ದಸರಾ ಹೊತ್ತಿಗೆ ಸ್ನೇಹಿತ ನಿಧಾನವಾಗಿ ಬಾಯಿ ಬಿಟ್ಟ. "ಯಾರೂ ನೋಡದ ಸೀನು ಜನರ ಮೊಬೈಲಲ್ಲಿ ಜಾಗ ತಿಂತಾ ಕೂತಿದೆ ಕಣೇ. ಸೈಜ್ ಜಾಸ್ತಿ ಅಂತಾನೇ ಅರ್ಧ ಜನ ಡೌನ್‌ಲೋಡ್ ಮಾಡಲ್ಲ. ಯುಗಾದಿವರೆಗೂ ನೋಡೋಣ. ಅಷ್ಟರಲ್ಲಿ ಒಬ್ಬರಾದ್ರೂ ನೋಡಿದ್ರೆ ಇರ್ಲಿ. ಇಲ್ಲಾಂದ್ರೆ ತೆಗೆದುಬಿಡೋಣ."

ಬೇಡ ಅನ್ನಲು ಬಾಯಿ ತೆರೆದೆ. ಆದರೂ ಹೂಂ ಅಂದೆ. ಸೊನ್ನೆಯನ್ನು ಮುಂದಿಟ್ಟುಕೊಂಡು ಯಾರ ಜೊತೆ ಜಗಳ ಆಡುವುದು?

ಆಯುಧಪೂಜೆ

ನಮ್ಮ ರೂಮಿನಿಂದ ಎರಡು ರಸ್ತೆ ಆಚೆ ಒಂದು ಗೇಮಿಂಗ್ ಸೆಂಟರ್ ಇದೆ. ಮಾಲೀಕರು ಮೊದಲು ಜೆರಾಕ್ಸ್ ಅಂಗಡಿ ಇಟ್ಟಿದ್ದವರು, ಒಳ್ಳೆಯ ಮನುಷ್ಯ, ದೈವಭಕ್ತರು. ಊರಿನವರು ಮಾಡಿದ್ದು ಅಂತ ಅಭಿಮಾನದಿಂದ ಎಲ್ಲ ಕಂಪ್ಯೂಟರಿಗೂ ನಮ್ಮ ಗೇಮ್ ಹಾಕಿಸಿದ್ದರು.

ಆಯುಧಪೂಜೆ ದಿನ ಅಂಗಡಿ ತೊಳೆದು, ಕಂಪ್ಯೂಟರ್ ಒಂದೊಂದಕ್ಕೂ ಚೆಂಡುಹೂವಿನ ಹಾರ ಹಾಕಿ, ಕೀಬೋರ್ಡಿಗೆ ಅರಿಶಿನ ಕುಂಕುಮ ಇಟ್ಟು, ಮೌಸಿಗೆ ಧಾರಾಳವಾಗಿ ಗಂಧ ಬಳಿದು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. "ಇದಕ್ಕಿಂತ ಆಯುಧ ಬೇಕಾ ಮೇಡಂ? ದಿನಾ ಎಷ್ಟು ಜನ ಸಾಯ್ತಾರೆ ಇದ್ರಲ್ಲಿ" ಅಂದರು. ನಾವೂ ಹೋಗಿ ಪುರಿ, ಕಡಲೆ, ಬಾಳೆಹಣ್ಣು ಈಸಿಕೊಂಡು ಬಂದೆವು.

ಹಬ್ಬ ಮುಗಿದ ಮೇಲೆ ಅವರ ಫೋನು. "ಏನ್ ಮೇಡಂ, ಎಂಥಾ ಅಪ್‌ಡೇಟ್ ಬಿಟ್ಟಿದ್ದೀರಿ! ಹುಡುಗ್ರು ಸೀಟು ಬಿಟ್ಟು ಏಳ್ತಾನೇ ಇಲ್ಲ."

ನಾವು ಯಾವ ಅಪ್‌ಡೇಟನ್ನೂ ಬಿಟ್ಟಿರಲಿಲ್ಲ. ಓಡಿಹೋಗಿ ನೋಡಿದರೆ ಅಂಗಡಿ ತುಂಬ ಕಾಲೇಜು ಹುಡುಗರು. ಮೌಸನ್ನು ಮುಟ್ಟಿದರೆ ಸಾಕು, ಗನ್ನು ತಾನಾಗಿಯೇ ಧಡಧಡ ಅಂತ ಗುಂಡು ಸುರಿಸುತ್ತಿದೆ, ನಿಲ್ಲಿಸುವ ಪ್ರಶ್ನೆಯೇ ಇಲ್ಲ. "ಇದಪ್ಪಾ ಗೇಮ್ ಅಂದ್ರೆ! ಮೊದ್ಲು ಒಂದೊಂದು ಗುಂಡಿಗೂ ಒತ್ತಿ ಒತ್ತಿ ಬೆರಳು ನೋವು ಬರ್ತಿತ್ತು" ಅಂತ ಒಬ್ಬ ಸರ್ಟಿಫಿಕೇಟ್ ಕೊಟ್ಟ. ಸ್ನೇಹಿತ ಒಂದು ಮೌಸ್ ತಿರುಗಿಸಿ ಬಟನ್ನಿನ ಸಂದಿಯನ್ನು ಉಗುರಿನಿಂದ ಕೆರೆದ. ಗಂಧ ಒಳಗಿಳಿದು ಒಣಗಿ ಬಟನ್ನನ್ನು ಕಚ್ಚಿ ಹಿಡಿದಿತ್ತು. ಅವನು ಅದನ್ನು ಮೂಸಿ ನೋಡಿ, "ಇದು ಬಗ್ ಅಲ್ಲ, ಪ್ರಸಾದ" ಅಂದ.

ಒರೆಸೋಣ ಅಂದರೆ ಮಾಲೀಕರು ಒಪ್ಪಲಿಲ್ಲ. "ಪೂಜೆ ಮಾಡಿದ್ದನ್ನ ಕೆರೀಬಾರ್ದು ಮೇಡಂ. ತಾನಾಗೇ ಉದುರ್ಲಿ." ಎರಡನೇ ಚಂದ್ರ ಬರುವಷ್ಟರಲ್ಲಿ ಎಲ್ಲರ ಗುಂಡೂ ಖಾಲಿ, ಎಲ್ಲರೂ ಸಾವು. ಆದರೂ ಆ ಹುಡುಗರ ಮುಖದಲ್ಲಿದ್ದಷ್ಟು ಸಂತೋಷವನ್ನು ನಮ್ಮ ಗೇಮಿನ ಮುಂದೆ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೂರು ವರ್ಷದ ನಮ್ಮ ಬುದ್ಧಿಗಿಂತ ಒಂದು ಚಿಟಿಕೆ ಗಂಧ ಮೇಲಾಯಿತಲ್ಲ ಅಂತ ಸಂಕಟವಾಯಿತು.

ಕೆಲವು ವಾರದ ಮೇಲೆ ಗಂಧ ಉದುರಿತು. ಅವತ್ತೇ ಒಂದು ಅಭಿಪ್ರಾಯ ಬಂತು: "ಹೊಸ ಅಪ್‌ಡೇಟ್ ಫುಲ್ ವೇಸ್ಟ್ ಬ್ರೋ. ಹಳೇದೇ ಸೂಪರ್ ಇತ್ತು. ಚೆನ್ನಾಗಿದ್ದಿದ್ದನ್ನ ಯಾಕೆ ಹಾಳು ಮಾಡ್ತೀರ?" ಸ್ನೇಹಿತ ತಗ್ಗಿಬಗ್ಗಿ "ತಮ್ಮ ಸಲಹೆಗೆ ಧನ್ಯವಾದಗಳು" ಅಂತ ಉತ್ತರ ಬರೆದ. ಮುಂದಿನ ಅಪ್‌ಡೇಟ್ ಮುಂದಿನ ಆಯುಧಪೂಜೆಗೆ ಅಂತ ನಾನು ಸೇರಿಸಲು ಹೋದರೆ ಕೀಬೋರ್ಡ್ ಕಿತ್ತುಕೊಂಡ.

ಎರಡು ಹೆಬ್ಬೆಟ್ಟು

ಯಾರದೋ ಮದುವೆ ಆಲ್ಬಂ ಕೊಡುವುದಕ್ಕೆ ಕುಣಿಗಲ್ ಬಸ್ ಹತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು. ಪರಿಚಿತ ಸಂಗೀತ ಕೇಳಿ ಬಗ್ಗಿ ನೋಡಿದೆ. ನಮ್ಮದೇ ಗೇಮು! ಎದೆ ಹಿಗ್ಗಿತು.

ಹಿಗ್ಗಿದ ಎದೆ ಇಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಇಬ್ಬರಿಗೂ ಸೇರಿ ಒಂದೇ ಮೊಬೈಲು, ಇನ್ನೊಬ್ಬನದು ಚಾರ್ಜ್ ಇಲ್ಲದೆ ಜೇಬು ಸೇರಿತ್ತು. ಕಿಟಕಿ ಕಡೆಯವನ ಎಡ ಹೆಬ್ಬೆಟ್ಟು ಹುಡುಗಿಯನ್ನು ಓಡಿಸುತ್ತಿದೆ, ಪಕ್ಕದವನ ಬಲ ಹೆಬ್ಬೆಟ್ಟು ಗುಂಡು ಹೊಡೆಯುತ್ತಿದೆ.

"ನಿಲ್ಲಿಸ್ಲಾ, ಗುರಿ ಇಡ್ತಿದೀನಿ."

"ನಿಂತ್ರೆ ಸಾಯ್ತೀವಿ ಕಣ್ಲಾ."

"ಓಡಿದ್ರೂ ಸಾಯ್ತಾನೇ ಇದೀವಲ್ಲ, ಒಂದ್ಸಲ ನಿಂತ್ಕೊಂಡು ಸಾಯಣ."

ಸತ್ತರು. ಮತ್ತೆ ಶುರು ಮಾಡಿದರು. ಹೆಬ್ಬೂರು ಬರುವಷ್ಟರಲ್ಲಿ ನಮ್ಮ ಹುಡುಗಿ ಎಷ್ಟು ಸಲ ಸತ್ತಳೋ, ನನಗೇ ಕರುಳು ಚುರುಕ್ ಅಂದಿತು. ಕೊನೆಗೆ ಕಿಟಕಿಯವನು ತೀರ್ಪು ಕೊಟ್ಟ. "ಕಂಟ್ರೋಲ್ ಸರಿಯಿಲ್ಲ ಕಣೋ. ಓಡೋನಿಗೂ ಹೊಡೆಯೋನಿಗೂ ಹೊಂದಾಣಿಕೆನೇ ಇಟ್ಟಿಲ್ಲ. ಮಾಡ್ದೋನು ಒಬ್ನೇ ಕೂತ್ಕೊಂಡು ಆಡಿ ನೋಡವ್ನೆ ಅನ್ಸುತ್ತೆ, ಅದ್ಕೇ ಅವ್ನಿಗೆ ಗೊತ್ತಾಗಿಲ್ಲ."

ತಡೆಯಲಾಗಲಿಲ್ಲ. "ಒಬ್ಬರೇ ಆಡಿ ನೋಡ್ರಪ್ಪ, ಚೆನ್ನಾಗಿ ಬರುತ್ತೆ" ಅಂದೆ.

ಇಬ್ಬರೂ ತಿರುಗಿ ನೋಡಿದರು. ನನ್ನ ತೊಡೆಯ ಮೇಲೆ ವಧೂವರರ ಆಲ್ಬಂ, ಕೈಯಲ್ಲಿ ಹೂಕೋಸಿನ ಚೀಲ. ಪಕ್ಕದವನು ಬಹಳ ಮರ್ಯಾದೆಯಿಂದ ಹೇಳಿದ: "ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಆಂಟಿ. ಇದು ಸೈನ್ಸ್ ಫಿಕ್ಷನ್ನು."

ಗಾಳಿ ಇಲ್ಲದ ಕಡೆ

ಎದುರುಮನೆಯಲ್ಲಿ ನಿವೃತ್ತ ವಿಜ್ಞಾನ ಮೇಷ್ಟ್ರಿದ್ದಾರೆ. ಮೊಮ್ಮಗಳ ಮೊಬೈಲ್ ಹಳೆಯದಾಗಿ ಅವರ ಕೈಗೆ ಬಂದಿತ್ತು, ಜೊತೆಗೆ ನಮ್ಮ ಗೇಮೂ ಬಂದಿತ್ತು. ಒಂದು ಸಂಜೆ ನೇರವಾಗಿ ಮೆಟ್ಟಿಲು ಹತ್ತಿ ಬಂದರು.

"ಅಲ್ಲಮ್ಮಾ, ಚಂದ್ರನ ಮೇಲೆ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಶಬ್ದ ಹೇಗೆ ಬರುತ್ತೆ? ನಿನ್ನ ಹುಡುಗಿ ಗುಂಡು ಹೊಡೆದ್ರೆ ಢಂ ಅನ್ನುತ್ತಲ್ಲ, ಇದನ್ನ ನೋಡಿ ಮಕ್ಕಳು ಪರೀಕ್ಷೇಲಿ ಏನು ಬರೀತಾರೆ?"

ಇದು ಆಟ ಸರ್, ಮಜಾ ಇರಲಿ ಅಂತ ಅಂದೆ. ಅವರಿಗೆ ಮಜಾ ಒಪ್ಪಿಗೆಯಾಗಲಿಲ್ಲ. ಮನೆಗೆ ಹೋಗಿ ಗೇಮಿನ ಕೆಳಗೆ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದರು: "ಸದರಿ ಆಟವು ಅಜ್ಞಾನವನ್ನು ಪ್ರಸಾರ ಮಾಡುತ್ತಿದೆ." ಅದಕ್ಕೆ ಯಾರ್ಯಾರೋ ಹೆಬ್ಬೆಟ್ಟು ಒತ್ತಿ ಹೌದೌದು ಅಂದರು.

ನಾನಾಗಿದ್ದರೆ ಅಷ್ಟಕ್ಕೆ ಬಿಟ್ಟುಬಿಡುತ್ತಿದ್ದೆ. ಸ್ನೇಹಿತನಿಗೆ ನಿದ್ದೆ ಬರಲಿಲ್ಲ. ಮೇಷ್ಟ್ರು ಹೇಳಿದ್ದು ಸರಿಯೇ ಅಲ್ವಾ ಅಂತ ಕೊರಗಿ ಕೊರಗಿ, ಬೇರೆ ಕೆಲಸವೆಲ್ಲ ಬದಿಗಿಟ್ಟು 'ನಿಜವಾದ ಅಂತರಿಕ್ಷ' ಅನ್ನುವ ಹೊಸ ಬಟನ್ ಇಟ್ಟ. ಅದನ್ನು ಒತ್ತಿದರೆ ಇಡೀ ಗೇಮ್ ನಿಶ್ಶಬ್ದ. ತಾನೇ ಹೋಗಿ ಮೇಷ್ಟ್ರ ಮೊಬೈಲಿನಲ್ಲಿ ಅದನ್ನು ಆನ್ ಮಾಡಿ, ಕಾಲಿಗೆ ನಮಸ್ಕಾರ ಮಾಡಿ ಬಂದ. ಮೇಷ್ಟ್ರು ಆಶೀರ್ವಾದವನ್ನೂ ಮಾಡಿದರು.

ಕೆಲವು ದಿನ ಅವರ ಸುದ್ದಿಯಿಲ್ಲ. ಆಮೇಲೆ ಹಾಲಿನ ಬೂತಿನಲ್ಲಿ ಸಿಕ್ಕರು, ಮುಖ ಗಂಟು.

"ನಿಮ್ಮ ಗೇಮಿಂದ ನನ್ನ ಮೊಬೈಲಿನ ಸ್ಪೀಕರ್ರೇ ಹೋಯ್ತಲ್ಲಮ್ಮ. ಆಟ ಹಾಕಿದ್ರೆ ಒಂದು ಚೂರೂ ಶಬ್ದ ಬರಲ್ಲ. ಅಂಗಡಿಗೆ ಕೊಟ್ಟು ಹೊಸಾದು ಹಾಕ್ಸಿದೀನಿ, ಆಗ್ಲೂ ಇಲ್ಲ."

ಸಿಟ್ಟು, ನಗು, ಅಳು ಮೂರೂ ಒಟ್ಟಿಗೆ ಬಂದವು. "ಸರ್, ಚಂದ್ರನ ಮೇಲೆ ಗಾಳಿ ಇಲ್ಲ ಅಂತ ನೀವೇ ಹೇಳಿದ್ರಲ್ಲ ಸರ್" ಅಂದೆ.

ಮೇಷ್ಟ್ರು ದಡ್ಡ ವಿದ್ಯಾರ್ಥಿನಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಅದು ಸರಿ ಕಣಮ್ಮ. ಆದ್ರೆ ನಾನು ಕೂತು ಆಡ್ತಿರೋದು ಉಪ್ಪಾರಹಳ್ಳಿಲಿ. ಇಲ್ಲಿ ಗಾಳಿ ಇದೆಯಲ್ಲ?"

ದೃಷ್ಟಿಬೊಟ್ಟು

ಸಂಕ್ರಾಂತಿಗೆ ಎಳ್ಳು ಬೀರಲು ಗುಬ್ಬಿಗೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮನಿಗೆ ನನ್ನ ಮೇಲೆ ಪ್ರಾಣ. ಅಲ್ಲಿನ ಭಜನಾ ಮಂಡಳಿಗೆ ಅವರೇ ಯಜಮಾನಿ. ಅವರು ತಾಳ ಎತ್ತಿದರೆ ಉಳಿದವರು ಬಾಯಿ ತೆಗೆಯಬೇಕು.

"ಯಾಕೇ ಮುಖ ಇಷ್ಟು ಸಣ್ಣಗಾಗಿದೆ?" ಅಂತ ಕೇಳಿದರು.

ಗೇಮಿಗೆ ಜನ ನಕ್ಷತ್ರ ಕೊಡುತ್ತಾರೆ, ನಮಗೆ ಚೆನ್ನಾಗಿ ಬೀಳುತ್ತಿಲ್ಲ, ನಕ್ಷತ್ರ ಇಲ್ಲದಿದ್ದರೆ ಹೊಸಬರು ಬರುವುದಿಲ್ಲ, ಹೊಸಬರು ಬಾರದಿದ್ದರೆ ಕೊನೆಯ ತನಕ ಯಾರೂ ಹೋಗುವುದಿಲ್ಲ ಅಂತ ಗೋಳು ತೋಡಿಕೊಂಡೆ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಾವೆಲ್ಲ ಸತ್ತಿದೀವೇನೇ? ನಾಳೆ ಭಜನೆಗೆ ಎಲ್ರೂ ಬರ್ತಾರೆ. ಎಲ್ರ ಕೈಲೂ ಕೊಡಿಸ್ತೀನಿ ಇರು."

ಕೊಡಿಸಿದರು. ಭಜನಾ ಮಂಡಳಿ ಪೂರ್ತಿ ನಮ್ಮ ಗೇಮಿಗೆ ತಲಾ ಒಂದೇ ಒಂದು ನಕ್ಷತ್ರ ಕೊಟ್ಟಿತ್ತು. ಕೆಳಗೆ ಅಕ್ಕರೆಯ ಮಾತುಗಳು: "ಬಹಳ ಚೆನ್ನಾಗಿದೆ." "ನಮ್ಮ ಹುಡುಗಿ ಮಾಡಿದ್ದು, ಹೆಮ್ಮೆ." "ದೇವರು ಒಳ್ಳೆಯದು ಮಾಡಲಿ." ಎಲ್ಲದಕ್ಕೂ ಒಂದು ನಕ್ಷತ್ರ.

ಫೋನ್ ಮಾಡಿದೆ. "ದೊಡ್ಡಮ್ಮ, ಐದು ಕೊಡಬೇಕಿತ್ತು. ಒಂದೇ ಯಾಕೆ ಕೊಟ್ರಿ?"

"ಅಯ್ಯೋ ಹುಚ್ಚಿ, ಐದೂ ಕೊಟ್ರೆ ದೃಷ್ಟಿ ಆಗಲ್ವೇನೇ? ಮಗು ಮುದ್ದಾಗಿದ್ರೆ ಕೆನ್ನೆಗೆ ಕಪ್ಪು ಬೊಟ್ಟು ಇಡಲ್ವಾ? ಹಂಗೆ ಕಣೇ ಇದು."

"ಬೊಟ್ಟು ಅಂದ್ರೆ ಒಂದು ಸಾಕಾಗಿತ್ತು ದೊಡ್ಡಮ್ಮ. ಅಷ್ಟೂ ಜನ ಯಾಕೆ?"

"ಯಾರ ಕಣ್ಣು ಹೆಂಗಿರುತ್ತೋ ಯಾರಿಗೆ ಗೊತ್ತು? ಅವರವರ ಬೊಟ್ಟು ಅವರವರೇ ಇಡಬೇಕು."

"ಒಬ್ಬರಾದ್ರೂ ಆಡಿದ್ರಾ?"

"ಛೀ, ಬೆಳಿಗ್ಗೆ ಬೆಳಿಗ್ಗೆ ಸ್ನಾನ ಮಾಡಿ ಯಾರಾದ್ರೂ ಗುಂಡು ಹೊಡೀತಾರೇನೇ?"

ಅವತ್ತಿನಿಂದ ನಮ್ಮ ಗೇಮ್ ಹುಡುಕಿದರೂ ಸಿಗದಷ್ಟು ಕೆಳಗೆ ಹೋಯಿತು. ದೊಡ್ಡಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನ ಕೈಲಿ ಆಗಲಿಲ್ಲ. ಬೊಟ್ಟು ಕೆಲಸ ಮಾಡಿದೆ ಅನ್ನುವುದನ್ನೂ ಒಪ್ಪಲೇಬೇಕು. ಆಮೇಲೆ ಒಂದೇ ಒಂದು ಕಣ್ಣೂ ನಮ್ಮ ಗೇಮಿನ ಮೇಲೆ ಬೀಳಲಿಲ್ಲ.

ನೆಕ್ಸ್ಟ್ ಸ್ಲೈಡ್

ಮಹಿಳಾ ದಿನಾಚರಣೆಗೆ ಒಂದು ಕಾಲೇಜಿನವರು ಮುಖ್ಯ ಅತಿಥಿ ಅಂತ ಕರೆದರು. ಗುಂಡು ಹೊಡೆಯುವ ಗೇಮನ್ನು ಹೆಂಗಸು ಮಾಡಿದ್ದಾಳೆ ಅನ್ನುವುದೇ ಅವರಿಗೆ ದೊಡ್ಡ ಸಾಧನೆ. ಸಭೆಯಲ್ಲಿ ಗೇಮ್ ಆಡಿ ತೋರಿಸುತ್ತೇವೆ ಅಂತಲೂ ಹೇಳಿದ್ದರು. ಇಷ್ಟು ಮಕ್ಕಳಲ್ಲಿ ಒಬ್ಬರಾದರೂ ಕೊನೆಯ ತನಕ ಆಡಿಯಾರು ಅನ್ನುವ ಆಸೆಯಿಂದ ರೇಷ್ಮೆ ಸೀರೆ ಉಟ್ಟು ಹೋದೆ.

ಕಾಲೇಜಿನೊಳಗೆ ಮೊಬೈಲ್ ನಿಷೇಧ, ಲ್ಯಾಬಿನ ಕಂಪ್ಯೂಟರಿನಲ್ಲಿ ಗೇಮ್ ನಿಷೇಧ. ಅದಕ್ಕೆ ಅವರು ಗೇಮಿನ ಫೋಟೋಗಳನ್ನು ತೆಗೆದು ಸ್ಲೈಡ್ ಮಾಡಿಕೊಂಡಿದ್ದರು. ನಿರೂಪಣೆ ಮಾಡುತ್ತಿದ್ದ ವಿದ್ಯಾರ್ಥಿನಿ, "ಈಗ ಮುಖ್ಯ ಅತಿಥಿಗಳ ಅತಿವೇಗದ ಗೇಮನ್ನು ಪ್ರದರ್ಶಿಸಲಾಗುವುದು" ಅಂದಳು. ಲೈಟ್ ಆರಿತು. ಪರದೆಯ ಮೇಲೆ ನನ್ನ ಹುಡುಗಿ ನಿಂತಿದ್ದಳು.

"ನೆಕ್ಸ್ಟ್ ಸ್ಲೈಡ್ ಪ್ಲೀಸ್."

ಯಂತ್ರ ಬಂತು.

"ನೆಕ್ಸ್ಟ್ ಸ್ಲೈಡ್ ಪ್ಲೀಸ್."

ಯಂತ್ರ ಗುಂಡು ಹಾರಿಸಿತು. ಗುಂಡು ಅರ್ಧ ದಾರಿಯಲ್ಲಿರುವಾಗ ಸ್ಲೈಡ್ ಬದಲಾಯಿಸುವವರು ಅತಿಥಿಗಳ ಕಾಫಿ ನೋಡಲು ಹೋದರು. ಗುಂಡು ಅಲ್ಲೇ ಗಾಳಿಯಲ್ಲಿ ನಿಂತಿತು. ಮೇಡಂಗಳು ಆ ಬಿಡುವಿನಲ್ಲಿ ಸೀರೆಯ ಬಗ್ಗೆ ಮಾತಾಡಿಕೊಂಡರು.

ಆಮೇಲೆ ಪ್ರಾಂಶುಪಾಲರ ಭಾಷಣ. "ಇವತ್ತಿನ ಗೇಮುಗಳ ವೇಗದಿಂದ ಮಕ್ಕಳು ಹಾಳಾಗ್ತಿದ್ದಾರೆ. ಆದರೆ ಈ ತಾಯಿಯ ಗೇಮ್ ನೋಡಿ, ಎಷ್ಟು ಸಾವಧಾನ! ಗುಂಡು ಬಂದು ತಾಗೋಷ್ಟರಲ್ಲಿ ಒಂದು ಪಾಠ ಓದಿ ಮುಗಿಸಬಹುದು." ಜೋರು ಚಪ್ಪಾಳೆ. ನನ್ನ ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. "ಮೇಡಂ, ಈ ಗೇಮಲ್ಲಿ ಕೊನೇಲಿ ಏನಾಗುತ್ತೆ?"

ಗೇಮ್ ಬಿಟ್ಟ ಮೇಲೆ ಆ ಪ್ರಶ್ನೆ ಕೇಳಿದ ಮೊದಲ ಜೀವ ಅವಳು. ಮೈಕಿಗೆ ಕೈ ಚಾಚಿದೆ. ಅದಕ್ಕೆ ಮೊದಲೇ ಪಕ್ಕದಲ್ಲಿದ್ದ ಉಪನ್ಯಾಸಕಿ ಮೈಕ್ ತಗೊಂಡು ಗದರಿದರು: "ಕೊನೇಲಿ ವಂದನಾರ್ಪಣೆ ಇರುತ್ತೆ. ಕೂತ್ಕೋ."

ಕುಣಿಗಲ್ಲಿನ ಒಬ್ಬ

ಯುಗಾದಿ ಹತ್ತಿರ ಬಂತು. ಕೊನೆಯ ದೃಶ್ಯ ಕಿತ್ತು ಹಾಕಿದ ಹೊಸ ಗೇಮನ್ನು ಸ್ನೇಹಿತ ತಯಾರು ಮಾಡಿ ಇಟ್ಟುಕೊಂಡಿದ್ದ. ನಾನು ಆ ಕಂಪ್ಯೂಟರ್ ಕಡೆ ನೋಡುವುದನ್ನೇ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ಕೆಳಗೆ ಗಿರಣಿ ಗುರ್ ಅನ್ನುತ್ತಿರುವಾಗ ಅವನು ಕೂಗಿದ. "ಬಾರೇ ಇಲ್ಲಿ. ಬೇಗ ಬಾ."

ಸೊನ್ನೆ ಹೋಗಿ ಒಂದು ಆಗಿತ್ತು. ನಂಬಿಕೆ ಬರದೆ ಅವನು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ಆಗಲೂ ಒಂದು. ನಾನು ಅತ್ತುಬಿಟ್ಟೆ. ನಾಚಿಕೆ ಏನೂ ಆಗಲಿಲ್ಲ.

ಅದರ ಬೆನ್ನಿಗೇ ಅದೇ ಆಟಗಾರನ ಅಭಿಪ್ರಾಯ ಬಂತು, ಎರಡು ನಕ್ಷತ್ರದ ಜೊತೆ: "ಏಳು ಚಂದ್ರನೂ ಮುಗಿಸ್ದೆ ಬ್ರೋ. ಫೈಟಿಂಗ್ ಬೆಂಕಿ. ಆದ್ರೆ ಎಂಡಿಂಗೇ ಕೊಟ್ಟಿಲ್ಲ. ಇಷ್ಟು ದಿನ ಆಡಿದ್ದು ದಂಡ. ಮೋಸ."

ಸ್ನೇಹಿತ ಬೆವೆತ. ಕೆಲವು ಮೊಬೈಲಿನಲ್ಲಿ ಕೊನೆಯ ದೃಶ್ಯ ತೆರೆದುಕೊಳ್ಳುತ್ತಲೇ ಇಲ್ಲವೋ ಏನೋ ಅಂತ ಅವನ ಭಯ. ನಿಮ್ಮ ಮೊಬೈಲ್ ನೋಡಬೇಕು ಅಂತ ಬರೆದದ್ದಕ್ಕೆ "ಕುಣಿಗಲ್ಲಿಗೆ ಬನ್ನಿ ಬ್ರೋ, ನಮ್ಮನೇಲೇ ಊಟ" ಅಂತ ಉತ್ತರ ಬಂತು. ಇಬ್ಬರೂ ಸ್ಕೂಟರ್ ಹತ್ತಿದೆವು.

ಮನೆ ಮುಂದೆ ಹಳದಿ ಸ್ಕೂಲ್ ವ್ಯಾನು. ಓಡಿಸುವವನೇ ನಮ್ಮ ಆಟಗಾರ, ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟರೆ ಸಂಜೆಯ ಬೆಲ್ ಹೊಡೆಯುವ ತನಕ ವ್ಯಾನಿನಲ್ಲೇ ಕೂತಿರುತ್ತಾನಂತೆ. ನಮ್ಮ ಗೇಮ್ ಗೆಲ್ಲಲು ಬೇಕಿದ್ದದ್ದು ಆ ಬಿಡುವು.

"ಇವರೇನಾ ಮಾಡಿದ್ದು? ಅಯ್ಯೋ, ಬ್ರೋ ಬ್ರೋ ಅಂತ ಬರೆದುಬಿಟ್ನಲ್ಲ ಅಕ್ಕ" ಅಂತ ನಾಲಿಗೆ ಕಚ್ಚಿಕೊಂಡ. ಅವನ ತಾಯಿ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. "ಬನ್ನಿ ಕುಂತ್ಕಳಿ ಕಣವ್ವ" ಅಂದರು.

ಅವನು ಮಾತಾಡತೊಡಗಿದ ಮೇಲೆ ನನಗೆ ಹಸಿವೇ ಮರೆತುಹೋಯಿತು. ಮೂರನೇ ಚಂದ್ರನ ಯಂತ್ರಗಳು ಗುಂಡು ಹಾರಿಸುವ ಮುಂಚೆ ಅವುಗಳ ಕೆಂಪು ದೀಪ ಒಂದು ಕ್ಷಣ ಮಂಕಾಗುತ್ತದೆ. ಅದನ್ನು ಇಟ್ಟವಳು ನಾನು, ಅದನ್ನು ಕಂಡುಹಿಡಿದ ಮೊದಲ ಮನುಷ್ಯ ಇವನು. ಐದನೆಯದರಲ್ಲಿ ದೂಳು ಏಳುವ ದಿಕ್ಕು ನೋಡಿಕೊಂಡೇ ಓಡಬೇಕು ಅನ್ನುವುದೂ ಅವನಿಗೆ ಗೊತ್ತಿತ್ತು. "ತಲೆ ಇಟ್ಟು ಮಾಡಿದ್ದೀರ ಅಕ್ಕ. ಅದಕ್ಕೇ ಹೊಟ್ಟೆ ಉರೀತು. ಇಷ್ಟೆಲ್ಲ ಮಾಡಿ ಎಂಡಿಂಗ್ ಒಂದು ಕೊಡಲಿಲ್ವಲ್ಲ ಅಂತ."

"ಒಂದ್ಸಲ ಕೊನೇದು ಆಡಿ ತೋರಿಸ್ತೀರಾ?" ಅಂದ ಸ್ನೇಹಿತ.

ಆಡಿದ. ಏನು ಚೆಂದ ಆಡಿದ! ಅವನ ಹೆಬ್ಬೆಟ್ಟುಗಳು ಒಂದರ ಮನಸ್ಸು ಇನ್ನೊಂದಕ್ಕೆ ಗೊತ್ತಿರುವ ಹಾಗೆ ಓಡಾಡಿದವು. ಕೊನೆಯ ಯಂತ್ರ ಬಿತ್ತು. ಪರದೆ ಕಪ್ಪಾಯಿತು, ಮೆಲ್ಲಗೆ ಬೆಳಕು ಮೂಡಿತು. ಅಷ್ಟರಲ್ಲಿ ಅವನ ಹೆಬ್ಬೆಟ್ಟು ಪರದೆಯ ಮೂಲೆಗೆ ಹೋಗಿ ಒತ್ತಿತು, ಎಲ್ಲ ಮಾಯ.

"ನೋಡಿದ್ರಾ? ಏನೂ ಇಲ್ಲ."

"ಈಗ ಏನೋ ಬಂತಲ್ಲ? ಅದು?" ಅಂದೆ.

"ಅದಾ? ಅದು ಅಡ್ವಟೈಸ್‌ಮೆಂಟು ಅಕ್ಕ. ಗೆದ್ದ ತಕ್ಷಣ ಎಲ್ಲಾ ಗೇಮಲ್ಲೂ ಬತ್ತದೆ. ಇದು ಯಾವ್ದೋ ಸೈಟ್ ಮಾರೋರ್ದು. ಬೆಟ್ಟ, ಹಸಿರು, ಕಲ್ಲು ನೆಟ್ಟಿರೋ ರಸ್ತೆ. ದಿನಾ ನೋಡಿ ನೋಡಿ ಸಾಕಾಗಿದೆ, ಸ್ಕಿಪ್ ಮಾಡ್ದೆ."

ನಮ್ಮ ಗೇಮಿನಲ್ಲಿ ಜಾಹೀರಾತೇ ಇಲ್ಲ. ಮೂಲೆಯ ಆ ಪುಟ್ಟ ಸ್ಕಿಪ್ ಗುರುತು ಇಟ್ಟವರು ಮಾತ್ರ ನಾವೇ. ಎರಡನೇ ಸಲ ನೋಡುವವರಿಗೆ ಬೇಸರ ಆಗದಿರಲಿ ಅಂತ!

ಅದು ಜಾಹೀರಾತಲ್ಲ, ಅದೇ ಎಂಡಿಂಗು ಅಂತ ಸ್ನೇಹಿತ ವಿವರಿಸಿದ. ಆಟಗಾರ ಪಾಪ, ಬೆಪ್ಪಾಗಿ, ಮತ್ತೆ ಆಡಿ ಗೆದ್ದು, ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟು ಕೈ ಕಟ್ಟಿ ಕೂತ. ತಾಯಿಯೂ ಹುಣಸೆಹಣ್ಣಿನ ಮೊರ ಸರಿಸಿ ಬಗ್ಗಿ ನೋಡಿದರು.

ಏಳು ಚಂದ್ರಗಳಲ್ಲಿ ಒಮ್ಮೆಯೂ ನಿಲ್ಲದ ನನ್ನ ಹುಡುಗಿ ಅಲ್ಲಿ ಮೊದಲ ಸಲ ನಿಲ್ಲುತ್ತಾಳೆ. ಗನ್ನು ಕೆಳಗಿಡುತ್ತಾಳೆ. ಎದುರಿಗೆ ಮಂಜಿನಲ್ಲಿ ಒಂದು ಬೆಟ್ಟದ ಇಳಿಜಾರು, ಹುಲ್ಲು, ಬಂಡೆ, ಬಿಳಿಕಲ್ಲು ನೆಟ್ಟ ಕಾಲುದಾರಿ, ದೂರದಲ್ಲಿ ಒಂದೇ ಒಂದು ಮನೆ. ಅವಳು ನಿಧಾನವಾಗಿ ನಡೆಯುತ್ತಾಳೆ. ಯಾರೂ ಹೊಡೆಯುವುದಿಲ್ಲ. ಅದಕ್ಕಾಗಿ ನಾನು ಎಷ್ಟು ಮುಂಜಾನೆ ದೇವರಾಯನದುರ್ಗ ಹತ್ತಿ ಚಳಿಯಲ್ಲಿ ಕೂತು ಚಿತ್ರ ಬರೆದಿದ್ದೆನೋ. ನಾನು ಮೊಬೈಲ್ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ.

ದೃಶ್ಯ ಮುಗಿಯಿತು. ಅವನು ಸಂಕೋಚದಿಂದ ಕತ್ತು ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ ಅಕ್ಕ. ತುಂಬಾ ಸ್ಲೋ ಆಯ್ತು. ಇದನ್ನ ತೆಗೆದುಬುಟ್ರೆ ಗೇಮ್ ಸೈಜೂ ಕಮ್ಮಿ ಆಗ್ತದೆ."

ಸ್ನೇಹಿತ ನನ್ನ ಮುಖ ನೋಡುವ ಧೈರ್ಯವಿಲ್ಲದೆ ವ್ಯಾನಿನ ಕಡೆ ನೋಡಿದ. ಒಬ್ಬರಾದರೂ ನೋಡಿದರೆ ಇರಲಿ ಅಂದುಕೊಂಡಿದ್ದೆವು, ಆದರೆ ಲೋಕದಲ್ಲಿ ಅದನ್ನು ನೋಡಿದ ಒಬ್ಬನೇ ಒಬ್ಬನ ಅಭಿಪ್ರಾಯ ಅದು. ನನಗೆ ಅಳು ಬರಲಿಲ್ಲ, ಸುಸ್ತಾಯಿತು, ಉಳಿಸಿಕೊಳ್ಳುವ ಹಟವೂ ಹೋಯಿತು.

ತಾಯಿ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಎಷ್ಟು ಚೆಂದಾಗೈತೆ ಕಣವ್ವ ಜಾಗ! ಕಣ್ಣಿಗೆ ತಂಪಾಯ್ತದೆ" ಅಂದರು.

ಅಷ್ಟು ತಿಂಗಳಲ್ಲಿ ಆ ದೃಶ್ಯಕ್ಕೆ ಸಿಕ್ಕ ಮೊದಲ ಒಳ್ಳೆಯ ಮಾತು. ಕಣ್ಣು ತುಂಬಿ ಬಂತು. ಅವರ ಹುಣಸೆಹುಳಿಯ ಕೈಯನ್ನೇ ಹಿಡಿದುಕೊಂಡೆ.

ಅವರು ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದರು. "ಸೈಟಿಗೆ ಖಾತೆ ಆಗೈತಾ?"

"ಇಲ್ಲಮ್ಮ" ಅಂದೆ. "ಯುಗಾದಿಗೆ ಎಲ್ಲಾ ಕೆಡವ್ತಾರೆ."

ತಾಯಿ ಹೆಮ್ಮೆಯಿಂದ ಮಗನ ಬೆನ್ನು ತಟ್ಟಿದರು. "ನೋಡ್ದಾ? ಅದ್ಕೇ ನಮ್ಮುಡ್ಗ ಮೊದ್ಲೇ ಸ್ಕಿಪ್ ಮಾಡವ್ನೆ."